ಸೀಮೋರ್ ಕ್ರೇ: ವೇಗದ ಬೆನ್ನು ಹತ್ತಿ ಬಿಸಿ ಜೊತೆ ಗುದ್ದಾಡಿದವರು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸಹಸ್ರಟಿ ಅನ್ನೋ ಸೂಪರ್ ಕಂಪ್ಯೂಟರ್ ಬಂತು. ಅದರ ಮಾಡೆಲ್ ಹೆಸರು ಕ್ರೇ ಎಕ್ಸ್‌ಸಿ40. ಈ ಹೆಸರಲ್ಲಿರೋ "ಕ್ರೇ" ಒಬ್ಬ ಮನುಷ್ಯ ಅನ್ನೋದು ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ಕಂಪನಿ ಹೆಸರು ಅಂತ ಓದಿ ಮುಂದೆ ಹೋಗ್ತೀವಿ. ಸೀಮೋರ್ ರೋಜರ್ ಕ್ರೇ ತೀರಿಕೊಂಡು ಮೂವತ್ತು ವರ್ಷದ ಹತ್ತಿರ ಆಯ್ತು. ಆದರೂ ಇವತ್ತು ಸರ್ವರ್ ಪ್ರೊಸೆಸರ್ ಬಗ್ಗೆ ಯಾರೇ ಮಾತಾಡಿದರೂ ಎರಡು ಪ್ರಶ್ನೆ ಬಂದೇ ಬರ್ತವೆ: ಎಷ್ಟು ವೇಗ? ಎಷ್ಟು ಕರೆಂಟ್? ಈ ಎರಡರ ನಡುವೆ ಇಡೀ ಜೀವನ ಕಳೆದವರು ಕ್ರೇ. ಗೆದ್ದರು, ಆಮೇಲೆ ಸೋತರು ಕೂಡ. ಅವರ ಕಥೆ ಗೊತ್ತಾದ್ರೆ ಕಂಪ್ಯೂಟರ್ ಆರ್ಗನೈಸೇಷನ್ ಪುಸ್ತಕದ ಅರ್ಧ ಪಾಠ ತಾನೇ ಅರ್ಥ ಆಗ್ತದೆ.

ಚಿಕ್ಕ ಊರಿನ ಹುಡುಗ

ಕ್ರೇ ಹುಟ್ಟಿದ್ದು 1925ರ ಸೆಪ್ಟೆಂಬರ್ 28ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಅನ್ನೋ ಊರಲ್ಲಿ. ನದಿ ದಂಡೆ ಮೇಲಿರೋ ಸಣ್ಣ ಊರು. ನಮ್ಮ ಬ್ಯಾಡಗಿಗಿಂತಲೂ ಜನ ಕಡಿಮೆ. ತಂದೆ ಸಿವಿಲ್ ಇಂಜಿನಿಯರ್. ಮಗನ ಆಸಕ್ತಿ ನೋಡಿ ಮನೆಯ ನೆಲಮಾಳಿಗೆಯನ್ನೇ ಲ್ಯಾಬ್ ಮಾಡಿಕೊಳ್ಳೋಕೆ ಬಿಟ್ಟುಕೊಟ್ಟರು. ಹತ್ತು ವರ್ಷದ ವಯಸ್ಸಿಗೇ ಈ ಹುಡುಗ ಆಟಿಕೆ ಸೆಟ್‌ನ ಬಿಡಿಭಾಗ ಸೇರಿಸಿ, ತೂತು ಹೊಡೆದ ಪೇಪರ್ ಟೇಪನ್ನು ಮೋರ್ಸ್ ಕೋಡ್ ಆಗಿ ಬದಲಾಯಿಸೋ ಒಂದು ಸಾಧನ ಮಾಡಿದ್ದ.

1943ರಲ್ಲಿ ಹೈಸ್ಕೂಲ್ ಮುಗೀತು. ಆಗ ಎರಡನೇ ಮಹಾಯುದ್ಧ. ಸೈನ್ಯಕ್ಕೆ ಸೇರಿಸಿಕೊಂಡರು. ಮೊದಲು ಯುರೋಪಿನಲ್ಲಿ ರೇಡಿಯೋ ಕೆಲಸ, ಆಮೇಲೆ ಫಿಲಿಪ್ಪೀನ್ಸ್‌ನಲ್ಲಿ ಜಪಾನಿನ ಗುಪ್ತ ಸಂದೇಶ ಬಿಡಿಸೋ ತಂಡದಲ್ಲಿ ಕೆಲಸ. ಯುದ್ಧ ಮುಗಿದ ಮೇಲೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, 1951ರಲ್ಲಿ ಅನ್ವಯಿಕ ಗಣಿತದಲ್ಲಿ ಮಾಸ್ಟರ್ಸ್ ಮಾಡಿದರು. ಸೇಂಟ್ ಪಾಲ್ ನಗರದಲ್ಲಿದ್ದ ಇಂಜಿನಿಯರಿಂಗ್ ರಿಸರ್ಚ್ ಅಸೋಸಿಯೇಟ್ಸ್ ಕಂಪನಿಗೆ ಸೇರಿದರು. ಅಲ್ಲಿ ಕಂಪ್ಯೂಟರ್ ಅನ್ನೋದು ಇನ್ನೂ ವ್ಯಾಕ್ಯೂಮ್ ಟ್ಯೂಬಿನ ಕಾಲದ್ದು.

ಹೊಸ ಕಂಪನಿ, ಹೊಸ ಯಂತ್ರ

1957ರಲ್ಲಿ ವಿಲಿಯಂ ನಾರಿಸ್ ಮತ್ತು ಕೆಲವರು ಸೇರಿ ಕಂಟ್ರೋಲ್ ಡೇಟಾ ಕಾರ್ಪೊರೇಷನ್, ಅಂದರೆ ಸಿಡಿಸಿ, ಶುರು ಮಾಡಿದರು. ಕೈಯಲ್ಲಿದ್ದ ನೌಕಾಪಡೆ ಕೆಲಸ ಮುಗಿಸಿ ಕ್ರೇ ಕೂಡ ಅಲ್ಲಿಗೆ ಹೋದರು. ಅಲ್ಲಿ ಅವರು ಡಿಸೈನ್ ಮಾಡಿದ ಸಿಡಿಸಿ 1604, ಟ್ಯೂಬ್ ಬಿಟ್ಟು ಟ್ರಾನ್ಸಿಸ್ಟರ್ ಬಳಸಿದ ಮೊದಲ ಯಶಸ್ವಿ ದೊಡ್ಡ ಯಂತ್ರಗಳಲ್ಲಿ ಒಂದು.

ಅದು ಚೆನ್ನಾಗಿ ಮಾರಾಟ ಆಯ್ತು. ಆದರೆ ಕಂಪನಿ ದೊಡ್ಡದಾದಂತೆ ಮೀಟಿಂಗು, ಫೋನು, ಮ್ಯಾನೇಜರ್‌ಗಳ ಕಾಟ ಶುರುವಾಯ್ತು. ಕ್ರೇಗೆ ಇದು ಆಗಿಬರಲಿಲ್ಲ. ನನಗೆ ನಮ್ಮೂರಲ್ಲೇ ಲ್ಯಾಬ್ ಕಟ್ಟಿಕೊಡಿ ಅಂತ ಹಠ ಹಿಡಿದರು. ನಾರಿಸ್ ಒಪ್ಪಿದರು. 1962ರ ಹೊತ್ತಿಗೆ ಚಿಪ್ಪೆವಾ ಫಾಲ್ಸ್‌ನಲ್ಲಿ, ಕ್ರೇ ಮನೆ ಹತ್ತಿರವೇ, ಲ್ಯಾಬ್ ಎದ್ದು ನಿಂತಿತು. ಯೋಚನೆ ಮಾಡಿ ನೋಡಿ. ಬೆಂಗಳೂರಿನ ಕಂಪನಿಯೊಂದು ತನ್ನ ಅತಿ ಮುಖ್ಯ ಡಿಸೈನ್ ತಂಡವನ್ನು ರಾಣೆಬೆನ್ನೂರಿಗೆ ಕಳಿಸಿದ ಹಾಗೆ ಇದು.

ಆ ಲ್ಯಾಬಿನಿಂದ 1964ರಲ್ಲಿ ಸಿಡಿಸಿ 6600 ಹೊರಬಂತು. ಸುಮಾರು ಮೂರು ಮೆಗಾಫ್ಲಾಪ್ಸ್, ಅಂದರೆ ಸೆಕೆಂಡಿಗೆ ಮೂವತ್ತು ಲಕ್ಷ ದಶಮಾಂಶ ಲೆಕ್ಕ. ಅದಕ್ಕೂ ಮುಂಚೆ ಜಗತ್ತಲ್ಲೇ ವೇಗದ್ದು ಅನಿಸಿಕೊಂಡಿದ್ದ ಐಬಿಎಂ ಸ್ಟ್ರೆಚ್‌ಗಿಂತ ಇದು ಸರಿಸುಮಾರು ಮೂರು ಪಟ್ಟು ಜೋರು. ಮೂವತ್ತನಾಲ್ಕು ಜನ, ಅದರಲ್ಲಿ ಕಸ ಗುಡಿಸೋರನ್ನೂ ಸೇರಿಸಿ ಲೆಕ್ಕ. ಇಷ್ಟೇ ತಂಡ ನಮ್ಮನ್ನ ಹೇಗೆ ಹಿಂದೆ ಹಾಕಿತು ಅಂತ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಜೂನಿಯರ್ ತಮ್ಮವರಿಗೆ ಸಿಟ್ಟಿನಿಂದ ಪತ್ರ ಬರೆದದ್ದು ಈಗಲೂ ಪ್ರಸಿದ್ಧ.

6600ನಲ್ಲಿ ಕ್ರೇ ಮಾಡಿದ ಒಂದು ಕೆಲಸ ನಮಗೆ ಮುಖ್ಯ. ಸಿಗ್ನಲ್ ತಂತಿಯಲ್ಲಿ ಓಡೋಕೂ ಟೈಮ್ ಬೇಕು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕೇ ಹೋಗೋದು ಸುಮಾರು 30 ಸೆಂಟಿಮೀಟರ್, ತಂತಿಯಲ್ಲಿ ಅದಕ್ಕಿಂತ ಕಡಿಮೆ. ಹಾಗಾಗಿ ವೇಗ ಬೇಕಂದ್ರೆ ತಂತಿ ಗಿಡ್ಡ ಇರಬೇಕು. ತಂತಿ ಗಿಡ್ಡ ಆಗಬೇಕಂದ್ರೆ ಭಾಗಗಳನ್ನು ಒತ್ತೊತ್ತಾಗಿ ಜೋಡಿಸಬೇಕು. ಒತ್ತಾಗಿ ಜೋಡಿಸಿದರೆ ಬಿಸಿ ಹೊರಗೆ ಹೋಗಲ್ಲ. ಗಾಳಿ ಬೀಸಿ ತಣ್ಣಗೆ ಮಾಡೋದು ಸಾಲಲ್ಲ. ಆಗ ಕ್ರೇ ಫ್ರಿಜ್‌ನಲ್ಲಿ ಬಳಸೋ ಫ್ರಿಯಾನನ್ನೇ ಕಂಪ್ಯೂಟರ್ ಒಳಗೆ ಓಡಿಸಿದರು. ಅಲ್ಲಿಂದ ಮುಂದೆ ಅವರ ಪ್ರತಿ ಯಂತ್ರದಲ್ಲೂ ಅರ್ಧ ಕಥೆ ಲಾಜಿಕ್ಕಿನದು, ಇನ್ನರ್ಧ ತಣ್ಣಗೆ ಮಾಡೋದರದ್ದು.

1969ರಲ್ಲಿ 7600 ಬಂತು. ಅದರ ನಂತರದ 8600 ಮಾತ್ರ ಕೈಕೊಟ್ಟಿತು. ನಾಲ್ಕು ಪ್ರೊಸೆಸರ್ ಇಡೋ ಯೋಜನೆ, ಬಿಡಿಭಾಗ ಸಾವಿರ ಸಾವಿರ, ಒಂದು ಸರಿ ಮಾಡಿದರೆ ಇನ್ನೊಂದು ಕೆಡ್ತಿತ್ತು. ಮತ್ತೆ ಮೊದಲಿಂದ ಡಿಸೈನ್ ಮಾಡೋಕೆ ದುಡ್ಡು ಕೇಳಿದರು. ಸಿಡಿಸಿ ಹತ್ತಿರ ಇರಲಿಲ್ಲ. 1972ರಲ್ಲಿ ಜಗಳ ಇಲ್ಲದೆ ಹೊರಬಂದು ಕ್ರೇ ರಿಸರ್ಚ್ ಅನ್ನೋ ಸ್ವಂತ ಕಂಪನಿ ಮಾಡಿದರು. ಆಫೀಸು ಮಿನ್ನಿಯಾಪೊಲಿಸ್‌ನಲ್ಲಿ, ಯಂತ್ರ ತಯಾರಾಗೋದು ಮಾತ್ರ ಚಿಪ್ಪೆವಾ ಫಾಲ್ಸ್‌ನಲ್ಲಿ.

ಕ್ರೇ-1: ಮೂವತ್ತು ಪಂಪ್‌ಸೆಟ್ಟಿನ ಕರೆಂಟು

1976ರಲ್ಲಿ ಮೊದಲ ಕ್ರೇ-1 ಲಾಸ್ ಅಲಾಮೋಸ್ ಲ್ಯಾಬಿಗೆ ಹೋಯ್ತು. ನೋಡೋಕೆ ಇಂಗ್ಲಿಷ್ ಸಿ ಅಕ್ಷರದ ಹಾಗೆ ಬಾಗಿದ ಕಂಬ, ಸುತ್ತ ಕೂರೋಕೆ ಸೋಫಾ. ಶೋಕಿಗೆ ಮಾಡಿದ್ದಲ್ಲ. ಸಿ ಆಕಾರ ಇದ್ದರೆ ಒಳಗಿನ ತಂತಿಗಳು ಗಿಡ್ಡ ಆಗ್ತವೆ. ಯಾವ ತಂತಿಯೂ ನಾಲ್ಕು ಅಡಿ ಮೀರಬಾರದು ಅನ್ನೋ ನಿಯಮ ಇತ್ತು. ಸೋಫಾ ಕೆಳಗಿದ್ದದ್ದು ಪವರ್ ಸಪ್ಲೈ.

ಕ್ಲಾಕ್ 80 ಮೆಗಾಹರ್ಟ್ಸ್. ಮೆಮೊರಿ 8 ಎಂಬಿ. ಪೀಕ್ ವೇಗ 160 ಮೆಗಾಫ್ಲಾಪ್ಸ್. ತೂಕ ತಂಪು ಯಂತ್ರ ಸೇರಿ ಐದು ಟನ್ನಿಗೂ ಹೆಚ್ಚು. ಕರೆಂಟು ಸುಮಾರು 115 ಕಿಲೋವ್ಯಾಟ್. ನಮ್ಮ ಹಾವೇರಿ ಕಡೆ ರೈತರ ಹೊಲದಲ್ಲಿರೋ 5 ಎಚ್‌ಪಿ ಪಂಪ್‌ಸೆಟ್ ಲೆಕ್ಕದಲ್ಲಿ ಹೇಳೋದಾದ್ರೆ, ಮೂವತ್ತು ಪಂಪ್‌ಸೆಟ್ ಒಟ್ಟಿಗೆ ಓಡಿದಷ್ಟು.

ತಂಪು ಮಾಡೋ ರೀತಿ ಹೀಗಿತ್ತು: ಎರಡು ಸರ್ಕ್ಯೂಟ್ ಬೋರ್ಡ್ ನಡುವೆ ಒಂದು ತಾಮ್ರದ ತಗಡು. ಚಿಪ್ಪಿನ ಬಿಸಿ ತಾಮ್ರಕ್ಕೆ, ತಾಮ್ರದಿಂದ ಅಲ್ಯೂಮಿನಿಯಂ ಕಂಬಕ್ಕೆ, ಕಂಬದೊಳಗಿನ ಸ್ಟೀಲ್ ಪೈಪಲ್ಲಿ ಓಡೋ ಫ್ರಿಯಾನಿಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬಣ್ಣ ಕೆಡಬಾರದು ಅಂತ ಚೀಲ ಇಡೋ ಕೋಲ್ಡ್ ಸ್ಟೋರೇಜ್‌ಗಳನ್ನು ನೀವು ನೋಡಿರ್ತೀರಿ. ಕೆಲಸ ಅದೇ: ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕೋದು. ವ್ಯತ್ಯಾಸ ಇಷ್ಟೇ, ಮೆಣಸಿನಕಾಯಿ ಹೆಚ್ಚೇನೂ ಬಿಸಿ ಹುಟ್ಟಿಸಲ್ಲ, ಪ್ರೊಸೆಸರ್ ಪ್ರತಿ ಕ್ಷಣ ಹುಟ್ಟಿಸ್ತಾನೇ ಇರ್ತದೆ. ಅದು ತಿಂದ ಕರೆಂಟ್ ಪೂರ್ತಿ ಕೊನೆಗೆ ಬಿಸಿಯೇ ಆಗ್ತದೆ.

ಇನ್ನೊಂದು ವಿಷಯ. ಕ್ರೇ-1 ಬಳಸಿದ್ದು ಇಸಿಎಲ್ ಗೇಟ್‌ಗಳನ್ನು. ಇದರಲ್ಲಿ ಗೇಟ್ ಸೊನ್ನೆ ಇರಲಿ ಒಂದು ಇರಲಿ, ಕರೆಂಟ್ ಹೆಚ್ಚುಕಡಿಮೆ ಒಂದೇ ಸಮ ಹರೀತದೆ. ಕ್ರೇ ಬೇಕಂತಲೇ ಹಾಗೆ ಜೋಡಿಸಿದ್ದರು, ಏಕೆಂದರೆ ಲೋಡ್ ಏರಿಳಿತ ಇಲ್ಲದಿದ್ದರೆ ಸಿಗ್ನಲ್ಲಿನಲ್ಲಿ ಗದ್ದಲ ಕಡಿಮೆ. ಆದರೆ ಇದರ ಅರ್ಥ, ಯಂತ್ರ ಲೆಕ್ಕ ಮಾಡಿದರೂ ಅಷ್ಟೇ ಕರೆಂಟು, ಸುಮ್ಮನೆ ಕೂತರೂ ಅಷ್ಟೇ ಕರೆಂಟು. ನಮ್ಮ ಇವತ್ತಿನ ಸಿಮಾಸ್ ಪ್ರೊಸೆಸರ್ ಹಾಗಲ್ಲ, ಕೆಲಸ ಇಲ್ಲದಾಗ ವೋಲ್ಟೇಜ್, ಕ್ಲಾಕ್ ಎರಡೂ ಇಳಿಸಿ ನಿದ್ದೆ ಮಾಡ್ತದೆ.

ಕ್ರೇ-1 ಗೆದ್ದದ್ದು ಕ್ಲಾಕಿನಿಂದ ಮಾತ್ರ ಅಲ್ಲ. ಅದರಲ್ಲಿ ಎಂಟು ವೆಕ್ಟರ್ ರಿಜಿಸ್ಟರ್, ಒಂದೊಂದರಲ್ಲಿ 64 ಸಂಖ್ಯೆ. ಒಂದೇ ಆದೇಶಕ್ಕೆ 64 ಜೋಡಿ ಸಂಖ್ಯೆ ಸಾಲಾಗಿ ಕೂಡಿಬರ್ತಿದ್ದವು. ಸಿಡಿಸಿಯ ಸ್ಟಾರ್-100 ಕೂಡ ವೆಕ್ಟರ್ ಯಂತ್ರವೇ. ಆದರೆ ಪ್ರತಿ ಸಲ ಮೆಮೊರಿಗೆ ಓಡಬೇಕಿತ್ತು, ಸಾದಾ ಲೆಕ್ಕದಲ್ಲಿ ನಿಧಾನ ಇತ್ತು. ನಿಜವಾದ ಪ್ರೋಗ್ರಾಮಿನಲ್ಲಿ ಸಾದಾ ಭಾಗ ಇದ್ದೇ ಇರ್ತದೆ, ಅದು ನಿಧಾನ ಆದ್ರೆ ಪೀಕ್ ನಂಬರ್ ಎಷ್ಟಿದ್ದರೂ ಉಪಯೋಗ ಇಲ್ಲ. ಅಮ್ಡಾಲ್ ನಿಯಮ ಅಂತ ನಾವು ಎರಡು ಮಾರ್ಕ್ಸಿಗೆ ಬರೆಯೋದು ಇದನ್ನೇ. ಎಂಬತ್ತಕ್ಕೂ ಹೆಚ್ಚು ಕ್ರೇ-1 ಮಾರಾಟ ಆದವು. ಕ್ರೇ ಹೆಸರು ಸೂಪರ್ ಕಂಪ್ಯೂಟರಿಗೇ ಇನ್ನೊಂದು ಹೆಸರಾಯ್ತು.

ದ್ರವದಲ್ಲಿ ಮುಳುಗಿದ ಯಂತ್ರ

ಕಂಪನಿ ನಡೆಸೋದು ಕ್ರೇಗೆ ಇಷ್ಟದ ಕೆಲಸ ಆಗಿರಲಿಲ್ಲ. 1980ರಲ್ಲಿ ಮುಖ್ಯಸ್ಥನ ಕುರ್ಚಿ ಬಿಟ್ಟು ಬರೀ ಡಿಸೈನರ್ ಆದರು. ಬಿಡುವಿನಲ್ಲಿ ಮನೆ ಕೆಳಗೆ ಸುರಂಗ ತೋಡ್ತಿದ್ದರು, ತೋಡುವಾಗಲೇ ಡಿಸೈನಿನ ಗಂಟು ಬಿಡಿಸಿಕೊಳ್ತಿತ್ತು ಅಂತ ಜೊತೆಗಾರರು ಹೇಳಿಕೊಂಡಿದ್ದಾರೆ.

1985ರ ಕ್ರೇ-2ನಲ್ಲಿ ನಾಲ್ಕು ಪ್ರೊಸೆಸರ್, ಕ್ಲಾಕ್ 4.1 ನ್ಯಾನೋಸೆಕೆಂಡ್, ಪೀಕ್ 1.9 ಗಿಗಾಫ್ಲಾಪ್ಸ್. ಬೋರ್ಡ್‌ಗಳು ಎಷ್ಟು ಒತ್ತಾಗಿದ್ದವು ಅಂದ್ರೆ ತಾಮ್ರದ ತಗಡಿಗೂ ಜಾಗ ಇರಲಿಲ್ಲ. ಕ್ರೇ ಇಡೀ ಯಂತ್ರವನ್ನೇ ಫ್ಲೋರಿನರ್ಟ್ ಅನ್ನೋ ದ್ರವದಲ್ಲಿ ಮುಳುಗಿಸಿದರು. ಇದರಲ್ಲಿ ಕರೆಂಟ್ ಹರಿಯಲ್ಲ, ಬಿಸಿ ಮಾತ್ರ ಹೊತ್ತುಕೊಂಡು ಹೋಗ್ತದೆ. ಪಕ್ಕದ ಗಾಜಿನ ತೊಟ್ಟಿಯಲ್ಲಿ ದ್ರವ ಜಲಪಾತದ ಹಾಗೆ ಬೀಳೋದು ಕಾಣ್ತಿತ್ತು.

ಇಲ್ಲಿ ಲೆಕ್ಕ ಹಾಕೋಣ. ಕ್ರೇ-1ರಿಂದ ಕ್ರೇ-2ಕ್ಕೆ ಪೀಕ್ ವೇಗ ಹನ್ನೆರಡು ಪಟ್ಟು ಏರಿತು. ಕರೆಂಟು 150ರಿಂದ 200 ಕಿಲೋವ್ಯಾಟ್, ಅಂದರೆ ಎರಡು ಪಟ್ಟೂ ಆಗಲಿಲ್ಲ. ಒಂದು ವ್ಯಾಟಿಗೆ ಎಷ್ಟು ಕೆಲಸ ಅಂತ ಭಾಗಿಸಿದರೆ ಕ್ರೇ-1ನದ್ದು ಸುಮಾರು 1,400 ಫ್ಲಾಪ್ಸ್, ಕ್ರೇ-2ನದ್ದು ಸುಮಾರು 10,000. ಒಂಬತ್ತು ವರ್ಷದಲ್ಲಿ ಏಳು ಪಟ್ಟು. ಆದರೆ ಕ್ರೇ ಈ ನಂಬರ್ ಹಿಂದೆ ಬಿದ್ದವರಲ್ಲ. ಅವರಿಗೆ ಬೇಕಿದ್ದದ್ದು ವೇಗ ಮಾತ್ರ. ಬಿಸಿ ಅಡ್ಡ ಬಂದದ್ದಕ್ಕೆ ಅದರ ಜೊತೆ ಗುದ್ದಾಡಿದರು.

ಎತ್ತು ಮತ್ತು ಕೋಳಿ

ಅದೇ ಹೊತ್ತಿಗೆ ಬೇರೆ ದಾರಿ ಹಿಡಿದವರೂ ಇದ್ದರು. ಅಗ್ಗದ ಸಣ್ಣ ಪ್ರೊಸೆಸರ್‌ಗಳನ್ನು ನೂರಾರು, ಸಾವಿರಾರು ಜೋಡಿಸಿ ಕೆಲಸ ಹಂಚೋದು. ಕ್ರೇಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಹೊಲಕ್ಕೆ ರಂಟೆ ಹೊಡೆಯೋಕೆ ಎರಡು ಗಟ್ಟಿ ಎತ್ತು ಒಳ್ಳೇದೋ, ಸಾವಿರ ಕೋಳಿ ಒಳ್ಳೇದೋ ಅನ್ನೋ ಅರ್ಥದಲ್ಲಿ ಅವರು ಮಾಡಿದ ತಮಾಷೆ ಪ್ರಪಂಚ ಪೂರ್ತಿ ಸುತ್ತಿತು. ನಮ್ಮ ಕಡೆ ಯಾವ ರೈತನನ್ನು ಕೇಳಿದರೂ ಎತ್ತು ಅಂತಾನೇ ಹೇಳ್ತಾನೆ. ಸಮಸ್ಯೆ ಏನಂದ್ರೆ, ಕೋಳಿಗಳು ವರ್ಷ ವರ್ಷ ಬಲ ಹೆಚ್ಚಿಸಿಕೊಳ್ತಾ ಇದ್ದವು.

ಭಾರತದಲ್ಲೂ ಇದೇ ನಡೀತು. ಎಂಬತ್ತರ ದಶಕದಲ್ಲಿ ಕ್ರೇ ಯಂತ್ರ ಕೊಳ್ಳೋಕೆ ನಮ್ಮ ದೇಶ ಹೋದಾಗ ಅಮೆರಿಕ ಸರ್ಕಾರ ಹಿಂದೆ ಮುಂದೆ ನೋಡಿತು. ಕೊನೆಗೆ ಕೇಳಿದ್ದಕ್ಕಿಂತ ಚಿಕ್ಕ ಮಾಡೆಲ್, ಎಕ್ಸ್-ಎಂಪಿ/14, ಹವಾಮಾನ ಕೆಲಸಕ್ಕೆ ಮಾತ್ರ ಅಂತ ದೆಹಲಿಗೆ ಬಂತು. ಇತ್ತ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1986ರಲ್ಲೇ ಸಾದಾ ಇಂಟೆಲ್ ಪ್ರೊಸೆಸರ್‌ಗಳನ್ನು ಜೋಡಿಸಿ ಫ್ಲೋಸಾಲ್ವರ್ ಅನ್ನೋ ಪ್ಯಾರಲಲ್ ಕಂಪ್ಯೂಟರ್ ಮಾಡಿದ್ದರು. 1991ರಲ್ಲಿ ಪುಣೆಯ ಸಿಡ್ಯಾಕ್‌ನಿಂದ ಪರಮ್ 8000 ಬಂತು. ಎತ್ತು ಸಿಗದವರು ಕೋಳಿ ಕಟ್ಟಿ ಹೊಲ ಹೂಡಿ ತೋರಿಸಿದರು.

ಕ್ರೇ ಮಾತ್ರ ಎತ್ತಿನ ಪಕ್ಷ ಬಿಡಲಿಲ್ಲ. 1989ರಲ್ಲಿ ಕ್ರೇ ರಿಸರ್ಚ್‌ನಿಂದಲೂ ಬೇರೆಯಾಗಿ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಕ್ರೇ ಕಂಪ್ಯೂಟರ್ ಕಾರ್ಪೊರೇಷನ್ ಕಟ್ಟಿದರು. ಕ್ರೇ-3ಕ್ಕೆ ಸಿಲಿಕಾನ್ ಬಿಟ್ಟು ಗ್ಯಾಲಿಯಂ ಆರ್ಸೆನೈಡ್ ಆರಿಸಿಕೊಂಡರು. ಸ್ವಿಚಿಂಗ್ ಜೋರು, ಆದರೆ ತಯಾರಿಸೋದು ಕಷ್ಟ. ತಡ ಆಗ್ತಾ ಹೋಯ್ತು. 1991ರಲ್ಲಿ ಶೀತಲ ಸಮರ ಮುಗಿದು ರಕ್ಷಣಾ ಲ್ಯಾಬ್‌ಗಳ ದುಡ್ಡು ಕಡಿಮೆ ಆಯ್ತು, ಮೊದಲ ಗಿರಾಕಿ ಲಾರೆನ್ಸ್ ಲಿವರ್‌ಮೋರ್ ಲ್ಯಾಬ್ ಆರ್ಡರ್ ವಾಪಸ್ ತಗೊಂಡಿತು. 1993ರಲ್ಲಿ ಒಂದೇ ಒಂದು ಕ್ರೇ-3 ಹವಾಮಾನ ಸಂಶೋಧನಾ ಕೇಂದ್ರಕ್ಕೆ ಹೋಯ್ತು. 1995ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ.

ಆಗ ಅವರಿಗೆ 69 ವರ್ಷ. ಸುಮ್ಮನೆ ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. 1996ರಲ್ಲಿ ತಮ್ಮ ಹೆಸರಿನ ಮೂರು ಅಕ್ಷರದಲ್ಲೇ ಎಸ್‌ಆರ್‌ಸಿ ಕಂಪ್ಯೂಟರ್ಸ್ ಶುರು ಮಾಡಿದರು. ಈ ಸಲ ಅವರ ಯೋಜನೆ ಬಹಳ ಪ್ರೊಸೆಸರ್ ಜೋಡಿಸಿದ ಯಂತ್ರವೇ! ಪ್ರೊಸೆಸರ್‌ಗಳ ನಡುವಿನ ಸಂಪರ್ಕ, ಮೆಮೊರಿ ವೇಗ ಇವನ್ನು ಸರಿ ಮಾಡಬೇಕು ಅನ್ನೋದು ಗುರಿ. ಇಡೀ ಜೀವನ ನಂಬಿದ್ದನ್ನು ಎಪ್ಪತ್ತರ ಹೊಸ್ತಿಲಲ್ಲಿ ಬದಲಿಸಿಕೊಳ್ಳೋದು ಸಣ್ಣ ಮಾತಲ್ಲ. ಆದರೆ ಟೈಮ್ ಸಿಗಲಿಲ್ಲ. ಆ ವರ್ಷದ ಸೆಪ್ಟೆಂಬರ್ 22ರಂದು ಕೊಲರಾಡೋ ಸ್ಪ್ರಿಂಗ್ಸ್ ಹೆದ್ದಾರಿಯಲ್ಲಿ ಅವರ ಕಾರಿಗೆ ಅಪಘಾತ ಆಯ್ತು. ಅಕ್ಟೋಬರ್ 5ರಂದು ತೀರಿಕೊಂಡರು. 71 ವರ್ಷ.

ಎರಡೇ ತಿಂಗಳಿಗೆ, ಅಂದರೆ 1996ರ ಡಿಸೆಂಬರ್‌ನಲ್ಲಿ, ಸಾವಿರಾರು ಪೆಂಟಿಯಂ ಪ್ರೊ ಜೋಡಿಸಿದ ಆಸ್ಕಿ ರೆಡ್ ಅನ್ನೋ ಯಂತ್ರ ಜಗತ್ತಲ್ಲೇ ಮೊದಲ ಸಲ ಒಂದು ಟೆರಾಫ್ಲಾಪ್ ದಾಟಿತು. ಪೂರ್ತಿಯಾದಾಗ ಅದು ತಿಂತಿದ್ದ ಕರೆಂಟು ಸುಮಾರು 850 ಕಿಲೋವ್ಯಾಟ್. ವ್ಯಾಟಿಗೆ ಕ್ರೇ-1ಗಿಂತ ಸಾವಿರ ಪಟ್ಟು ಹೆಚ್ಚು ಕೆಲಸ. ಕೋಳಿಗಳು ಗೆದ್ದಿದ್ದವು.

ಇವತ್ತಿನ ಲೆಕ್ಕ

ಈಗ ಸಹಸ್ರಟಿಗೆ ಬರೋಣ. ಅದರಲ್ಲಿದ್ದದ್ದು ಇಂಟೆಲ್ ಜಿಯಾನ್ ಇ5-2680 ವಿ3. ಹನ್ನೆರಡು ಕೋರ್, 2.5 ಗಿಗಾಹರ್ಟ್ಸ್, 120 ವ್ಯಾಟ್. ಒಂದು ಕೋರ್ ಒಂದು ಸೈಕಲ್ಲಿಗೆ 16 ಲೆಕ್ಕ ಮಾಡ್ತದೆ. ಗುಣಿಸಿ: 480 ಗಿಗಾಫ್ಲಾಪ್ಸ್. ಅಂದರೆ ಒಂದು ಚಿಪ್ಪು 3,000 ಕ್ರೇ-1ಗೆ ಸಮ, ಕರೆಂಟು ಎರಡು ಹಳೇ ಸೀಲಿಂಗ್ ಫ್ಯಾನಿನಷ್ಟೂ ಇಲ್ಲ. ಇದು ಪೇಪರ್ ಮೇಲಿನ ಪೀಕ್ ಲೆಕ್ಕ, ನಿಜವಾದ ಪ್ರೋಗ್ರಾಮಿನಲ್ಲಿ ಕಡಿಮೆ ಬರ್ತದೆ. ಚಿಪ್ಪಿನ ವ್ಯಾಟಿಗೆ ಮೆಮೊರಿ, ಫ್ಯಾನ್, ಎಸಿ ಖರ್ಚೂ ಸೇರಿಲ್ಲ. ಆದರೂ ದಿಕ್ಕು ಗೊತ್ತಾಗೋಕೆ ಸಾಕು.

ಸರ್ವರ್ ಪ್ರೊಸೆಸರ್‌ಗಳ ತಲೆಮಾರು ಸಾಲಾಗಿಟ್ಟರೆ ಇನ್ನೂ ಸ್ಪಷ್ಟ. 2012ರ ಜಿಯಾನ್ ಇ5-2690: 8 ಕೋರ್, 135 ವ್ಯಾಟ್, ವ್ಯಾಟಿಗೆ ಸುಮಾರು 1.4 ಗಿಗಾಫ್ಲಾಪ್ಸ್. 2014ರಲ್ಲಿ ಬಂದ, ಈಗ ಹೇಳಿದ ಇ5-2680 ವಿ3: ವ್ಯಾಟಿಗೆ 4. 2022ರ ಎಎಂಡಿ ಎಪಿಕ್ 9654: 96 ಕೋರ್, 2.4 ಗಿಗಾಹರ್ಟ್ಸ್, 360 ವ್ಯಾಟ್, ವ್ಯಾಟಿಗೆ ಸುಮಾರು 10.

ಇದರಲ್ಲಿ ಒಂದು ವಿಚಿತ್ರ ಗಮನಿಸಿ. ವ್ಯಾಟಿಗೆ ಸಿಗೋ ಕೆಲಸ ಏಳು ಪಟ್ಟು ಏರಿದೆ. ಆದರೆ ಒಂದು ಚಿಪ್ಪು ಎಳೆಯೋ ಕರೆಂಟು ಇಳಿದಿಲ್ಲ, 135ರಿಂದ 360ಕ್ಕೆ ಏರಿದೆ. ಕಾರಣ ನಮ್ಮ ಸೂತ್ರದಲ್ಲೇ ಇದೆ. ಸ್ವಿಚಿಂಗ್ ಪವರ್ ಕೆಪ್ಯಾಸಿಟೆನ್ಸಿಗೆ, ವೋಲ್ಟೇಜಿನ ವರ್ಗಕ್ಕೆ, ಕ್ಲಾಕಿಗೆ ಅನುಪಾತದಲ್ಲಿರ್ತದೆ. ಮೊದಲೆಲ್ಲ ಟ್ರಾನ್ಸಿಸ್ಟರ್ ಚಿಕ್ಕದಾದ ಹಾಗೆ ವೋಲ್ಟೇಜೂ ಇಳೀತಿತ್ತು, ಅದಕ್ಕೆ ಬಿಸಿ ಏರದೆ ವೇಗ ಏರ್ತಿತ್ತು. ಸುಮಾರು 2005ರ ಹೊತ್ತಿಗೆ ವೋಲ್ಟೇಜ್ ಇಳಿಯೋದು ನಿಂತಂಗಾಯ್ತು. ಆಮೇಲೆ ಕ್ಲಾಕ್ ಏರಿಸೋದು ಬಿಟ್ಟು ಕೋರ್ ಹೆಚ್ಚಿಸೋಕೆ ಶುರು ಮಾಡಿದರು. ಕೆಲಸ ಮಾಡೋ ಒಂದೊಂದು ಕೋರೂ ತನ್ನ ಪಾಲಿನ ಬಿಸಿ ಕೊಡ್ತದೆ.

ದೊಡ್ಡ ಯಂತ್ರಗಳಲ್ಲೂ ಇದೇ ಕಥೆ. 2022ರಲ್ಲಿ ಒಂದು ಎಕ್ಸಾಫ್ಲಾಪ್ ದಾಟಿದ ಫ್ರಾಂಟಿಯರ್ ಆಗ ವ್ಯಾಟಿಗೆ 52 ಗಿಗಾಫ್ಲಾಪ್ಸ್ ಕೊಡ್ತಿತ್ತು, ಕ್ರೇ-1ಗಿಂತ ಮೂರೂವರೆ ಕೋಟಿ ಪಟ್ಟಿಗೂ ಹೆಚ್ಚು. ಕ್ರೇ-1 ದರದಲ್ಲೇ ಇದ್ದಿದ್ದರೆ ಬರೀ ಒಂದು ಪೆಟಾಫ್ಲಾಪಿಗೇ ಇಡೀ ಭಾರತದ ವಿದ್ಯುತ್ ಸ್ಥಾವರಗಳು ಸಾಲ್ತಿರಲಿಲ್ಲ. ಆದರೂ ಫ್ರಾಂಟಿಯರ್ ಆಗ ಎಳೀತಿದ್ದ ಕರೆಂಟು 21 ಮೆಗಾವ್ಯಾಟ್. ನಮ್ಮ ಲೆಕ್ಕದಲ್ಲಿ 5,600 ಪಂಪ್‌ಸೆಟ್. ಉಳಿತಾಯ ಆದಷ್ಟೂ ಇನ್ನೂ ದೊಡ್ಡ ಯಂತ್ರ ಕಟ್ತೀವಿ, ಒಟ್ಟು ಖರ್ಚು ಏರ್ತಾನೇ ಇದೆ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟ್ ಯಾವಾಗ ಬರ್ತದೆ ಅಂತ ಕಾಯೋ ರೈತರ ಊರಿಂದ ಬಂದ ನಮಗೆ ಈ ನಂಬರ್ ಬರೀ ನಂಬರ್ ಅಲ್ಲ.

ಉಳಿದದ್ದು ಏನು

ಕ್ರೇ ಒಂದು ವಿಷಯದಲ್ಲಿ ಸೋತರು: ಕೆಲವೇ ಕೆಲವು ಬಲಿಷ್ಠ ಪ್ರೊಸೆಸರ್ ಸಾಕು ಅನ್ನೋದು ನಡೀಲಿಲ್ಲ. ಆದರೆ ಉಳಿದ ಎಷ್ಟೋ ವಿಷಯದಲ್ಲಿ ಕಾಲ ತಿರುಗಿ ಅವರ ಹತ್ತಿರವೇ ಬಂದಿದೆ. ಇವತ್ತಿನ ಜಿಯಾನ್, ಎಪಿಕ್ ಒಳಗಿನ ಎವಿಎಕ್ಸ್ ರಿಜಿಸ್ಟರ್‌ಗಳು ಕ್ರೇ-1ರ ವೆಕ್ಟರ್ ರಿಜಿಸ್ಟರ್‌ಗಳ ಸಂಬಂಧಿಕರೇ. ಚಿಪ್‌ಲೆಟ್‌ಗಳನ್ನು ಒತ್ತೊತ್ತಾಗಿ ಕೂರಿಸೋದು ಗಿಡ್ಡ ತಂತಿಯ ಪಾಠವೇ. ಗಾಳಿ ಸಾಲದೆ ಡೇಟಾ ಸೆಂಟರ್‌ಗಳು ಈಗ ಮತ್ತೆ ದ್ರವದ ಕಡೆ ಹೋಗ್ತಿವೆ, ಕೆಲವರು ಸರ್ವರನ್ನೇ ದ್ರವದಲ್ಲಿ ಮುಳುಗಿಸ್ತಿದ್ದಾರೆ. ಕ್ರೇ ಇದನ್ನು 1985ರಲ್ಲೇ ಮಾಡಿ ಮುಗಿಸಿದ್ದರು. ಫ್ರಾಂಟಿಯರ್ ಕೂಡ ಕ್ರೇ ಹೆಸರಿನ ಮಾಡೆಲ್ಲೇ. ಕಂಪನಿ 2019ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕೈ ಸೇರಿದರೂ ಹೆಸರು ಅಳಿಸಲಿಲ್ಲ.

ಕ್ರೇ ಗೆದ್ದ ಯಂತ್ರಗಳು ಬಂದದ್ದು ಯಾವ ಮಹಾನಗರದಿಂದಲೂ ಅಲ್ಲ, ಒಂದು ಸಣ್ಣ ಊರಿನ ಲ್ಯಾಬಿನಿಂದ. ಮೂವತ್ತನಾಲ್ಕು ಜನರ ತಂಡದಿಂದ. ಅವರು ವೇಗದ ಪ್ರಶ್ನೆಗೆ ಉತ್ತರ ಕೊಟ್ಟು ಹೋದರು. ಕರೆಂಟಿನ ಪ್ರಶ್ನೆ ಇನ್ನೂ ಹಾಗೇ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಿಂದ ಬಂದು ಇಲ್ಲಿ ಇಸಿ, ಸಿಎಸ್ ಓದ್ತಿರೋ ನಾವು ಮುಂದಿನ ಸಲ ಪ್ರೊಸೆಸರ್ ಸ್ಪೆಕ್ ನೋಡುವಾಗ ಗಿಗಾಹರ್ಟ್ಸ್ ಜೊತೆ ವ್ಯಾಟ್ ಕಾಲಮ್ಮನ್ನೂ ನೋಡೋಣ, ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡೋಣ. ಮುಂದಿನ ದೊಡ್ಡ ಕೆಲಸ ಇರೋದು ಆ ಭಾಗಲಬ್ಧದಲ್ಲೇ.